ಕಥೆ ಹೇಳಿದರೂ ಕಳೆಯದ ಶಾಪ

ದಾವಣಗೆರೆ, 20 ಏಪ್ರಿಲ್ 2024, ಶನಿವಾರ

ಆನ್ ರೈಸ್ ಅವರ ‘ಇಂಟರ್‌ವ್ಯೂ ವಿತ್ ದಿ ವ್ಯಾಂಪೈರ್’ ಕಾದಂಬರಿಯನ್ನು ಇಂದು ಓದಿ ಮುಗಿಸಿದೆ. 1976ರಲ್ಲಿ ಪ್ರಕಟವಾದ ಈ ಪುಸ್ತಕದಿಂದಲೇ ‘ವ್ಯಾಂಪೈರ್ ಕ್ರಾನಿಕಲ್ಸ್’ ಸರಣಿ ಆರಂಭವಾಯಿತು. ನಮ್ಮ ಊರಿನ ಬಿಸಿಲಿಗೆ ಹಗಲು ಓದುವುದು ಆಗದ ಮಾತಾದ್ದರಿಂದ, ರಾತ್ರಿ ಊಟವಾದ ಮೇಲೆ ವಿದ್ಯಾನಗರದ ಮನೆಯ ತಾರಸಿಯಲ್ಲಿ ಚಾಪೆ ಹಾಸಿಕೊಂಡು ಓದುತ್ತಿದ್ದೆ. ಪುಸ್ತಕ ಕೊಡುವಾಗ ಅಕ್ಕನ ಮಗಳು, “ಚಿಕ್ಕಮ್ಮ, ಹೆದರಿಕಿ ಆಗ್ಲಿ ಅಂತ ಓದಬ್ಯಾಡ, ಅವ ಹೇಳೋದನ್ನ ಸುಮ್ನೆ ಕೇಳು” ಎಂದಿದ್ದಳು.

ಹೇಳುವವನು ಲೂಯಿ. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕೋಣೆಯಲ್ಲಿ, ಟೇಪ್ ರೆಕಾರ್ಡರ್ ಇಟ್ಟುಕೊಂಡು ಕುಳಿತ ಯುವಕನೊಬ್ಬನ ಮುಂದೆ, 1791ರಲ್ಲಿ ಲೂಸಿಯಾನಾದ ತೋಟದೊಡೆಯನಾಗಿದ್ದ ತಾನು ಲೆಸ್ಟಾಟ್ ಎಂಬವನ ಕೈಗೆ ಸಿಕ್ಕಿ ರಕ್ತ ಕುಡಿದು ಬದುಕುವ ಜೀವಿಯಾದ ಬಗೆಯನ್ನು ಅವನು ರಾತ್ರಿಯಿಡೀ ಹೇಳುತ್ತಾನೆ. ಶಿಲುಬೆಗೆ ಹೆದರುವುದೆಲ್ಲ ಕಟ್ಟುಕಥೆಯೆಂದು ಆರಂಭದಲ್ಲಿಯೇ ತಳ್ಳಿಹಾಕುತ್ತಾನೆ. ಆ ತೋಟದಲ್ಲಿ ದುಡಿಯುತ್ತಿದ್ದ ಗುಲಾಮರ ಬದುಕು ಮಾತ್ರ ಅವನ ಮಾತಿನಲ್ಲಿ ಬರಿಯ ಹಿನ್ನೆಲೆಯಾಗಿ ಉಳಿದದ್ದು ನನಗೆ ಹಿಡಿಸಲಿಲ್ಲ.

ಓದುತ್ತಿದ್ದಷ್ಟು ಹೊತ್ತೂ ಸಂಸ್ಕೃತದ ಹಳೆಯ ಕಥಾಸಂಗ್ರಹವಾದ ಕಥಾಸರಿತ್ಸಾಗರದ ಕಾಣಭೂತಿ ನೆನಪಿಗೆ ಬರುತ್ತಿದ್ದ. ಕುಬೇರನ ಶಾಪದಿಂದ ಪಿಶಾಚಿಯಾದ ಆ ಯಕ್ಷನಿಗೆ, ತಾನು ಕೇಳಿದ ಮಹಾಕಥೆಯನ್ನು ಗುಣಾಢ್ಯನಿಗೆ ಹೇಳಿದೊಡನೆ ಬಿಡುಗಡೆ ಸಿಗುತ್ತದೆ. ನಮ್ಮಲ್ಲಿ ಶಾಪಕ್ಕೊಂದು ಕಾರಣವಿರುತ್ತದೆ, ಶಾಪ ಕೊಡುವಾಗಲೇ ಅದು ಕಳೆಯುವ ದಾರಿಯನ್ನೂ ಹೇಳಿಬಿಡುತ್ತಾರೆ. ಲೂಯಿ ಆ ಕಾರಣವನ್ನು ಹುಡುಕಿಕೊಂಡು ಪೂರ್ವ ಯೂರೋಪಿಗೆ ಹೋದರೆ ಅಲ್ಲಿ ಸಿಗುವುದು ಬುದ್ಧಿಯಿಲ್ಲದ ನಡೆದಾಡುವ ಹೆಣಗಳು. ಪ್ಯಾರಿಸ್ಸಿನಲ್ಲಿ ನಾಲ್ಕು ಶತಮಾನ ಬಾಳಿದ ಅರ್ಮಾಂಡ್‌ನನ್ನು ಕೇಳಿದರೆ, ದೇವರ ವಿಷಯವಾಗಲಿ ಸೈತಾನನ ವಿಷಯವಾಗಲಿ ತನಗೇನೂ ಗೊತ್ತಿಲ್ಲ ಎನ್ನುತ್ತಾನೆ. ಇಡೀ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ ಮಾತು ಅದು.

ಕ್ಲಾಡಿಯಾಳ ಕಥೆಯಂತೂ ಸಹಿಸಲು ಕಷ್ಟ. ಪ್ಲೇಗಿನಿಂದ ಸತ್ತ ತಾಯಿಯ ಪಕ್ಕದಲ್ಲಿ ಅಳುತ್ತಿದ್ದ ಐದು ವರ್ಷದ ಈ ಮಗುವನ್ನು ಲೂಯಿ, ಲೆಸ್ಟಾಟ್ ಇಬ್ಬರೂ ಸೇರಿ ತಮ್ಮಂತೆಯೇ ಮಾಡಿಬಿಡುತ್ತಾರೆ. ದಶಕಗಳು ಉರುಳಿ ಮನಸ್ಸು ಪ್ರೌಢವಾದರೂ ಅವಳ ದೇಹ ಒಂದಂಗುಲವೂ ಬೆಳೆಯುವುದಿಲ್ಲ. ಪ್ಯಾರಿಸ್ಸಿನಲ್ಲಿ ಮೆಡ್ಲೀನ್ ಎಂಬ ಗೊಂಬೆ ಮಾಡುವ ಹೆಂಗಸು, ತೀರಿಹೋದ ಮಗಳ ಮುಖವನ್ನೇ ಮತ್ತೆ ಮತ್ತೆ ಗೊಂಬೆಗಳಿಗೆ ಕೊಡುತ್ತಿರುತ್ತಾಳೆ. ಕ್ಲಾಡಿಯಾ ಅವಳಿಂದ ಮಗುವಿನ ಗೊಂಬೆಯನ್ನಲ್ಲ, ಬೆಳೆದ ಹೆಣ್ಣಿನ ಗೊಂಬೆಯನ್ನು ಮಾಡಿಸಿಕೊಳ್ಳುತ್ತಾಳೆ. ಆಮೇಲೆ ಲೂಯಿಯ ಕಣ್ಣೆದುರಿನಲ್ಲಿಯೇ ಅದನ್ನು ಪುಟ್ಟ ಮುಷ್ಟಿಯಲ್ಲಿ ಹಿಂಡಿ ಪುಡಿಮಾಡುತ್ತಾಳೆ, ಚೂರುಗಳು ರಕ್ತ ಮೆತ್ತಿದ ಅಂಗೈಯಿಂದ ಉದುರುತ್ತವೆ. ಆ ಪುಟವನ್ನು ಎರಡು ಸಲ ಓದಿದೆ. ಲೇಖಕಿಯ ಮಗಳು ಮಿಷೆಲ್, ಆರು ವರ್ಷ ತುಂಬುವ ಮುನ್ನವೇ 1972ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳೆಂಬುದು ತಿಳಿದಿದ್ದರೆ, ಮಗುವನ್ನು ಸಾವಿನಿಂದ ಉಳಿಸಿಕೊಳ್ಳುವ ಆಸೆಯನ್ನು ಆ ತಾಯಿ ಎಷ್ಟು ನಿಷ್ಠುರವಾಗಿ ಪರೀಕ್ಷಿಸಿದ್ದಾರೆಂಬುದು ಅರಿವಾಗುತ್ತದೆ. ಮಗು ಉಳಿಯುತ್ತದೆ, ಆದರೆ ಉಳಿಸಿದವರನ್ನು ಕ್ಷಮಿಸುವುದಿಲ್ಲ.

ಲೂಯಿ ಎಲ್ಲವನ್ನೂ ಹೇಳಿ ಮುಗಿಸುತ್ತಾನೆ, ಕಾಣಭೂತಿಗೆ ಸಿಕ್ಕ ಬಿಡುಗಡೆ ಅವನಿಗೆ ಸಿಗುವುದಿಲ್ಲ. ಬದಲಿಗೆ, ಕೇಳುತ್ತಿದ್ದ ಯುವಕ ತನಗೂ ಆ ಶಕ್ತಿ ಬೇಕೆಂದು ಅಂಗಲಾಚುತ್ತಾನೆ. ಲೂಯಿ ರೇಗಿ ಅವನ ಮೇಲೆರಗಿ, ರಕ್ತ ಹೀರಿ ಹೊರಟುಹೋಗುತ್ತಾನೆ. ಎಚ್ಚರವಾದ ಮೇಲಾದರೂ ಅವನು ಹೆದರಿ ಮನೆಗೆ ಓಡಬಹುದೆಂದುಕೊಂಡಿದ್ದೆ. ಅವನು ಟೇಪನ್ನು ಹಿಂದಕ್ಕೆ ಸುತ್ತಿ, ಲೆಸ್ಟಾಟ್ ಇರುವ ಮನೆಯ ಗುರುತನ್ನು ಬರೆದುಕೊಂಡು, ಅವನನ್ನು ಹುಡುಕಲು ಕಾರು ಹತ್ತುತ್ತಾನೆ. ನನಗೆ ಸಿಟ್ಟು ಬಂದಿತು, ಆದರೂ ಈ ಕಾದಂಬರಿಗೆ ಬೇರೆ ಯಾವ ಮುಕ್ತಾಯವೂ ಒಪ್ಪುತ್ತಿರಲಿಲ್ಲ.