ಪ್ರಾಕ್ಟಿಕಲ್ ‘ಬರಲಿಲ್ಲ’ ಅಂದರೆ ಮೊದಲು ಥರ್ಮಾಮೀಟರ್ ನೋಡಿ

ಶಿವಮೊಗ್ಗದಲ್ಲಿ ಬಿಎಸ್ಸಿ ಮೊದಲ ವರ್ಷದವರಿಗೆ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಜೊಲ್ಲಿನ ಪ್ರಾಕ್ಟಿಕಲ್. ಎಂಜಲು ಅಂತ ಮಕ್ಕಳು ಮೊದಲು ಮುಖ ಸಿಂಡರಿಸುತ್ತಾರೆ, ಆಮೇಲೆ ಬೆಂಚು ಬಿಟ್ಟು ಏಳುವುದಿಲ್ಲ. ಪಿಷ್ಟದ ದ್ರಾವಣಕ್ಕೆ ನೀರು ಬೆರೆಸಿದ ಜೊಲ್ಲು ಹಾಕಿ, ನಿಮಿಷಕ್ಕೊಂದು ಹನಿ ತೆಗೆದು, ಬಿಳಿ ಟೈಲಿನ ಗುಳಿಗಳಲ್ಲಿರುವ ಅಯೋಡಿನ್‌ಗೆ ಬಿಡುತ್ತಾ ಹೋಗಬೇಕು. ಪಿಷ್ಟ ಇದ್ದರೆ ಅಯೋಡಿನ್ ನೀಲಿಯಾಗುತ್ತದೆ, ಹಾಗಾಗಿ ಮೊದಲ ಗುಳಿ ಕಡುನೀಲಿ. ಆಮೇಲೆ ನೇರಳೆ, ಕೆಂಪುಗಂದು, ಕೊನೆಗೆ ಅಯೋಡಿನ್ನಿನ ಹಳದಿ ಹಾಗೇ ಉಳಿಯುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಎನ್‌ಜೈಮ್ (ಜೀರ್ಣಕ್ಕೆ ನೆರವಾಗುವ ಪ್ರೊಟೀನ್) ಪಿಷ್ಟವನ್ನು ತುಂಡು ತುಂಡು ಮಾಡಿ ಮಾಲ್ಟೋಸ್ ಅನ್ನುವ ಸಕ್ಕರೆಯವರೆಗೆ ಇಳಿಸುವುದು ಕಣ್ಣೆದುರೇ ಗೊತ್ತಾಗುತ್ತದೆ.

ಜುಲೈನಲ್ಲಿ ಮಾತ್ರ ಇದು ಕೈಕೊಡುತ್ತದೆ. ಮಳೆ ಹಿಡಿದರೆ ಬಿಡುವುದಿಲ್ಲ, ಕರೆಂಟ್ ಹೋಗುತ್ತದೆ, 37 ಡಿಗ್ರಿಗೆ ಇಟ್ಟ ವಾಟರ್ ಬಾತ್ (ಟ್ಯೂಬ್ ಇಳಿಸಿಡುವ ಬೆಚ್ಚನೆ ನೀರಿನ ತೊಟ್ಟಿ) ತಣ್ಣಗಾಗುತ್ತಾ ಬರುತ್ತದೆ. ಪುಸ್ತಕದಲ್ಲಿ ಬರೆದ ಹೊತ್ತು ಮುಗಿದರೂ ಗುಳಿ ನೀಲಿಯೇ. ‘ಮೇಡಂ, ನಮ್ದು ಬರ್ಲೇ ಇಲ್ಲ’ ಅನ್ನುತ್ತಾರೆ. ಸೀನಿಯರ್‌ಗಳ ರೆಕಾರ್ಡ್ ನೋಡಿ ನಂಬರ್ ಇಳಿಸಿಕೊಳ್ಳುವುದು ಶುರುವಾಗುವುದೇ ಇಲ್ಲಿ.

ನಿಜಕ್ಕೂ ಅವತ್ತು ಸಿಗುವ ಪಾಠ ಬೇರೆ ದಿನ ಸಿಗುವುದಿಲ್ಲ. ಶಾಖ 10 ಡಿಗ್ರಿ ಇಳಿದರೆ ಎನ್‌ಜೈಮಿನ ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತದೆ, ಅಷ್ಟೇ. ಬರ್ನರ್ ಮೇಲೆ ನೀರು ಬೆಚ್ಚಗೆ ಮಾಡಿ ಅದೇ ಟ್ಯೂಬನ್ನು ಇಳಿಸಿ, ನೀಲಿ ಬೇಗ ಹೋಗುತ್ತದೆ. ಇನ್ನೊಂದು ಟ್ಯೂಬಿಗೆ ಮೊದಲೇ ಕುದಿಸಿ ಆರಿಸಿದ ಜೊಲ್ಲು ಹಾಕಿಸಿ, ಎಷ್ಟು ಹೊತ್ತು ಕಾದರೂ ನೀಲಿ ಜಗ್ಗುವುದಿಲ್ಲ. ತಣ್ಣಗಿದ್ದ ಎನ್‌ಜೈಮ್ ನಿಧಾನ ಆಗಿತ್ತು, ಕುದಿಸಿದ್ದರ ಆಕಾರವೇ ಬಿಚ್ಚಿಹೋಗಿದೆ, ಅದು ಆರಿದರೂ ವಾಪಸ್ ಬರುವುದಿಲ್ಲ. ಹೀಗೆ ಆಕಾರ ಬಿಚ್ಚಿಹೋಗುವ ಡೀನೇಚುರೇಶನ್ ಬಗ್ಗೆ ನಾನು ಬೋರ್ಡ್ ಮೇಲೆ ಎಷ್ಟು ಬರೆದರೂ ಇಷ್ಟು ಗಟ್ಟಿಯಾಗಿ ಮನಸ್ಸಿಗೆ ಇಳಿಯುವುದಿಲ್ಲ. (ಹನಿ ತಣ್ಣಗಾದ ಮೇಲೇ ಬಣ್ಣ ನೋಡಿ. ಬಿಸಿ ಇದ್ದರೆ ಪಿಷ್ಟ ಇದ್ದೂ ನೀಲಿ ಮಾಯವಾಗುತ್ತದೆ, ಮಕ್ಕಳು ಮೋಸ ಹೋಗುತ್ತಾರೆ.)

ಹಾಗಾಗಿ ಈಗ ರೆಕಾರ್ಡ್‌ನಲ್ಲಿ ತಾರೀಖಿನ ಪಕ್ಕ ನೀರಿನ ಶಾಖ ಬರೆಯಲೇಬೇಕು. ತಡವಾದರೆ ತಡವಾದಷ್ಟೇ ಬರೆಯಿರಿ, ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಇಡೀ ಬೆಂಚಿಗೆ ಒಂದೇ ಹೊತ್ತು ಬಂದಿದ್ದರೆ ಮಾತ್ರ ಕರೆದು ಕೇಳುತ್ತೇನೆ. ಒಬ್ಬೊಬ್ಬರ ಜೊಲ್ಲಿನಲ್ಲಿ ಅಮೈಲೇಸ್ ಒಂದೊಂದು ಪ್ರಮಾಣದಲ್ಲಿ ಇರುತ್ತದೆ ಅಲ್ವಾ, ಎಲ್ಲರದ್ದೂ ಒಂದೇ ನಿಮಿಷಕ್ಕೆ ಮುಗಿಯುವುದು ಕಷ್ಟ.