ಬಾಯಿ ಅಳ್ಳಾಡಸ್ತಾಳ, ಮಾತ ಬರವಲ್ತಲ್ಲ

ಹೋದ ಶನಿವಾರ ಹುಬ್ಬಳ್ಳಿಯಿಂದ ಗದಗಿಗೆ ಹೋದಾಗ ಆಯಿಗೆ ಮೊಬೈಲಿನಲ್ಲಿ ಒಂದು ಮೂಕಿ ಸಿನಿಮಾದ ತುಣುಕು ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ನಿಮಿಷ ನೋಡಿದಳು. "ಬಾಯಿ ಅಳ್ಳಾಡಸ್ತಾಳ, ಮಾತ ಬರವಲ್ತಲ್ಲ. ಸೌಂಡ್ ಏರ್ಸೋ ತಮ್ಮಾ" ಅಂದಳು. ಇದರಲ್ಲಿ ಸೌಂಡೇ ಇಲ್ಲ ಆಯಿ, ನೂರು ವರ್ಷದ ಹಿಂದಿನದು ಅಂದೆ. "ಮಾತಿಲ್ದ ನಾಟಕದಾಕಿನ್ನ ಏನ್ ನೋಡೂದು" ಅಂತ ಫೋನ್ ವಾಪಸ್ ಕೊಟ್ಟಳು.

ಆಯಿ ಹೇಳಿದ್ದು ಸರಿಯೇ. ಅದರಲ್ಲಿದ್ದವಳು ಲಾರೆಟ್ ಟೇಲರ್, ಅಮೆರಿಕದ ನಾಟಕದ ನಟಿ. ಅವಳನ್ನು ಕಣ್ಣಾರೆ ಕಂಡವರು ಅಂಥವಳು ಮತ್ತೊಬ್ಬಳಿಲ್ಲ ಅಂತಲೇ ಬರೆದಿಟ್ಟು ಹೋಗಿದ್ದಾರೆ. ನಮಗೆ ಉಳಿದಿರೋದು ಮಾತ್ರ ಮಾತಿಲ್ಲದ ಲಾರೆಟ್.

ನ್ಯೂಯಾರ್ಕಿನ ಐರಿಷ್ ಮನೆತನದ ಹುಡುಗಿ. ಹುಟ್ಟಿದ ಹೆಸರು ಲೊರೆಟ್ಟಾ ಕೂನಿ. ಚಿಕ್ಕ ವಯಸ್ಸಿಗೇ ಚಾರ್ಲ್ಸ್ ಟೇಲರ್ ಅನ್ನುವ ನಾಟಕಕಾರನನ್ನು ಮದುವೆಯಾದಳು. ಇವನು ಬರೆಯುತ್ತಿದ್ದದ್ದು ಕೂಗಾಟ, ಅಳು, ಕೊನೆ ಗಳಿಗೆಯಲ್ಲಿ ನಾಯಕಿ ಪಾರಾಗೋದು, ಇಂಥ ನಾಟಕಗಳನ್ನು. ಗಂಡನ ಕಂಪನಿಯ ಜೊತೆ ಊರೂರು ತಿರುಗಿ, ಸಿಯಾಟಲ್‌ನಲ್ಲಿ ಬಿಡಾರ ಹೂಡಿ ಪಾರ್ಟು ಮಾಡಿದಳು. ಓದುವಾಗ ನನಗೆ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ತಂಬುಗಳೇ ನೆನಪಾದವು. ಊರು ಬೇರೆ, ದೇಶ ಬೇರೆ, ಪೆಟ್ಟಿಗೆ ಕಟ್ಟೋದು ಬಿಚ್ಚೋದು ಅದೇ ಅಲ್ವಾ.

ಆ ಮದುವೆ ಮುರಿಯಿತು. ಆಮೇಲೆ ಇನ್ನೊಬ್ಬ ನಾಟಕಕಾರ, ಹಾರ್ಟ್ಲಿ ಮ್ಯಾನರ್ಸ್, ಅವಳಿಗಾಗಿಯೇ 'ಪೆಗ್ ಓ ಮೈ ಹಾರ್ಟ್' ಬರೆದ. ಶ್ರೀಮಂತ ಇಂಗ್ಲಿಷ್ ನೆಂಟರ ಮನೆಗೆ ಬಂದು ಬೀಳುವ ಬಡ ಐರಿಷ್ ಹುಡುಗಿಯ ಕಥೆ, ಬಗಲಲ್ಲಿ ಒಂದು ನಾಯಿ. 1912ರ ಡಿಸೆಂಬರ್ 20ಕ್ಕೆ ನ್ಯೂಯಾರ್ಕಿನಲ್ಲಿ ಹೊಸದಾಗಿ ಕಟ್ಟಿದ ಕಾರ್ಟ್ ಥಿಯೇಟರಿನ ಮೊದಲ ನಾಟಕವೇ ಇದು. 600ಕ್ಕೂ ಜಾಸ್ತಿ ಪ್ರಯೋಗ ಆದವು, ಆಮೇಲೆ ಲಂಡನ್‌ಗೂ ಹೋಯಿತು. ಆ ಕಾಲಕ್ಕೆ ನಮ್ಮ ಕಡೆ ಹೆಣ್ಣಿನ ಪಾರ್ಟನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು, ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು ಕೂಡ ಮುಂದೆ ಹಾಗೇ ಸೀರೆ ಉಟ್ಟು ಹೆಸರು ಮಾಡಿದವರು.

ಹತ್ತು ವರ್ಷದ ಮೇಲೆ, 1922ರಲ್ಲಿ, ಅದೇ ನಾಟಕ ಸಿನಿಮಾ ಆಯಿತು. ಕಿಂಗ್ ವಿಡಾರ್ ನಿರ್ದೇಶಕ. ನಲವತ್ತರ ಹತ್ತಿರ ಬಂದ ಹೆಂಗಸು ಹದಿಹರೆಯದ ಹುಡುಗಿ ಆಗಬೇಕು. ರಂಗದ ಮೇಲೆ ಇದೇನು ದೊಡ್ಡದಲ್ಲ, ಬಣ್ಣ ಹಚ್ಚಿ ದೀಪ ಹಾಕಿದರೆ ನಡೆಯುತ್ತದೆ, ಆದರೆ ಕ್ಯಾಮೆರಾ ಮುಖದ ಹತ್ತಿರವೇ ಬಂದು ನಿಲ್ಲುತ್ತದಲ್ಲ. 1924ರಲ್ಲಿ ಇನ್ನೂ ಎರಡು ಸಿನಿಮಾ ಬಂದವು. ಅಷ್ಟೇ, ಒಟ್ಟು ಮೂರು. ಮೂರೂ ಮೂಕಿ. ಸಿನಿಮಾಕ್ಕೆ ಮಾತು ಬರುವ ಹೊತ್ತಿಗೆ ಈಕೆ ಅಲ್ಲಿರಲಿಲ್ಲ.

1928ರಲ್ಲಿ ಮ್ಯಾನರ್ಸ್ ತೀರಿಕೊಂಡ. ಲಾರೆಟ್ ಕುಡಿತಕ್ಕೆ ಬಿದ್ದಳು, ಅದೂ ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ಆಕೆಯನ್ನು ನಂಬಿ ನಾಟಕ ಹಾಕೋಕೆ ಯಾರಿಗೂ ಧೈರ್ಯ ಇರಲಿಲ್ಲ. ಕುಡಿದು ಪಾರ್ಟು ತಪ್ಪಿಸಿದ ಕಲಾವಿದರ ಕಥೆ ನಮ್ಮ ಕಂಪನಿ ಮಾಲೀಕರ ಹತ್ತಿರವೂ ರಾಶಿ ಇವೆ. ಗಂಡಸಾದರೆ "ದೊಡ್ಡ ಕಲಾವಿದ, ಏನ್ ಮಾಡೂದು" ಅಂತ ನಕ್ಕು ಬಿಡುತ್ತಾರೆ, ಹೆಂಗಸಾದರೆ ನಗುವುದಿಲ್ಲ.

ನಡುವೆ 1938ರ ಕೊನೆಗೆ ಒಂದು ನಾಟಕದಲ್ಲಿ ಬಂದು ಹೋದಳು. ಮತ್ತೆ ಆರು ವರ್ಷ ಸುದ್ದಿ ಇಲ್ಲ. ಆಮೇಲೆ 1944ರ ಚಳಿಗಾಲ, ಷಿಕಾಗೋ, ಟೆನೆಸ್ಸೀ ವಿಲಿಯಮ್ಸ್ ಅನ್ನುವ ಹೊಸ ಹುಡುಗನ 'ದ ಗ್ಲಾಸ್ ಮೆನಾಜರಿ'. ಇವಳದು ತಾಯಿಯ ಪಾತ್ರ. ತಾಲೀಮಿನಲ್ಲಿ ಬರೀ ಗೊಣಗುತ್ತಿದ್ದಳಂತೆ. ಮಾತು ಬಾಯಿಪಾಠ ಆಗಿಲ್ಲ, ಮುದುಕಿ ಮುಳುಗಿಸುತ್ತಾಳೆ ಅಂತ ಎಲ್ಲರಿಗೂ ದಿಗಿಲು. ಪರದೆ ಎದ್ದ ಮೇಲೆ ಗೊತ್ತಾಯಿತು, ಅಷ್ಟು ದಿನ ಅವಳು ಸುಮ್ನೆ ಉಳಿದವರನ್ನು ನೋಡುತ್ತಾ ಕೂತಿದ್ದಳು ಅಂತ. ಆದರೂ ಖುರ್ಚಿಗಳು ಖಾಲಿ, ನಾಟಕ ಎತ್ತಿಬಿಡೋಣ ಅನ್ನುವ ಮಾತು ಬಂದಿತ್ತು. ಕ್ಲಾಡಿಯಾ ಕ್ಯಾಸಿಡಿ, ಆಷ್ಟನ್ ಸ್ಟೀವನ್ಸ್ ಅನ್ನುವ ಇಬ್ಬರು ವಿಮರ್ಶಕರು ಪೇಪರಿನಲ್ಲಿ ಮತ್ತೆ ಮತ್ತೆ ಬರೆದು ಬರೆದು ಜನರನ್ನು ಕರೆತಂದರು.

1945ರ ಮಾರ್ಚ್ 31ಕ್ಕೆ ನ್ಯೂಯಾರ್ಕಿನಲ್ಲಿ ಮೊದಲ ರಾತ್ರಿ. ಮೈ ಸರಿ ಇರಲಿಲ್ಲ. ಪರದೆ ಪಕ್ಕ ಬಕೆಟ್ ಇಟ್ಟುಕೊಂಡಿದ್ದಳು. ಒಳಗೆ ಬಂದು ವಾಂತಿ ಮಾಡೋದು, ಬಾಯಿ ಒರೆಸಿಕೊಂಡು ಮತ್ತೆ ಬೆಳಕಿಗೆ ಹೋಗೋದು. ನೋಡುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. ಮುಂದಿನ ವರ್ಷ, 1946ರ ಡಿಸೆಂಬರ್ 7ಕ್ಕೆ, ತೀರಿಕೊಂಡಳು.

ಮಾತಾಡುವ ಲಾರೆಟ್ ಪೂರ್ತಿ ಇಲ್ಲವೇ ಇಲ್ಲ ಅಂತಲ್ಲ. 1938ರಲ್ಲಿ ಸೆಲ್ಜ್‌ನಿಕ್ ಅನ್ನುವ ನಿರ್ಮಾಪಕ ಅವಳ ಸ್ಕ್ರೀನ್ ಟೆಸ್ಟ್ ಮಾಡಿಸಿದ್ದ. ಪಾತ್ರ ಸಿಗಲಿಲ್ಲ, ಕೆಲವು ನಿಮಿಷದ ರೀಲು ಉಳಿಯಿತು. ಅದನ್ನೂ ಆಯಿಗೆ ತೋರಿಸಿದೆ. ಇಂಗ್ಲಿಷ್ ಒಂದಕ್ಷರ ತಿಳಿಯದಿದ್ದರೂ ಈ ಸಲ ಫೋನ್ ವಾಪಸ್ ಕೊಡಲಿಲ್ಲ. ಕೊನೆಗೆ, "ಈಕೀಗೆ ಪಾರ್ಟ್ ಮಾಡಾಕ ಬರೂದಿಲ್ಲೇನು? ಸುಮ್ನ ಮನ್ಯಾಗ ಕುಂತು ಮಾತಾಡಿದಂಗ ಮಾತಾಡ್ತಾಳಲ್ಲ" ಅಂದಳು. ನನಗೆ ನಗು ತಡೆಯಲಿಲ್ಲ. ಅವಳನ್ನು ಕಂಡ ದೊಡ್ಡ ದೊಡ್ಡ ನಟರು ಹೊಗಳಿದ್ದು ಇದನ್ನೇ.

ಆಮೇಲೆ ಆಯಿ ತನ್ನ ಕಥೆ ಶುರು ಮಾಡಿದಳು. ತೋಂಟದಾರ್ಯ ಜಾತ್ರೆಗೆ ಬಂದಿದ್ದ ಒಂದು ಕಂಪನಿ. ನೆಲದ ಟಿಕೆಟ್ಟು. ಅದರಲ್ಲಿ ಒಬ್ಬ ನಟಿ, ಗಂಡ ಮನೆಯಿಂದ ಹೊರಗೆ ಹಾಕಿದಾಗ ಅಳಲಿಲ್ಲವಂತೆ, ಹಾಡಲಿಲ್ಲವಂತೆ. ಬಾಗಿಲತನಕ ಹೋಗಿ ತಿರುಗಿ ನೋಡಿದಳಂತೆ, ಇಡೀ ತಂಬು ಗಪ್‌ಚಿಪ್. ಕಾಲುಪೆಟ್ಟಿಗೆಯವನೂ ಬಾರಿಸೋದು ಮರೆತನಂತೆ.

"ಆಕೀದೂ ಐತೇನು ಇದ್ರಾಗ?" ಅಂದಳು.

ಹೆಸರು ಕೇಳಿದೆ. ಹೆಸರು ನೆನಪಿಲ್ಲ. ಕಂಪನಿ ಹೆಸರೂ ಇಲ್ಲ. ಆದರೂ ಅವಳ ಸಮಾಧಾನಕ್ಕೆ ಏನೇನೋ ಬರೆದು ಹುಡುಕಿದೆ. ಆಯಿ ಸ್ವಲ್ಪ ಹೊತ್ತು ಕಾದಳು, ಆಮೇಲೆ ನನ್ನ ಮೊಣಕೈ ತಟ್ಟಿ, "ಬಿಡ, ಇಲ್ನೋಡ" ಅಂದಳು. ಮಂಚದ ಮೇಲೆ ಕೂತಲ್ಲೇ ಸೆರಗು ಸರಿ ಮಾಡಿಕೊಂಡಳು. ಗೋಡೆ ಕಡೆ ಮುಖ ಮಾಡಿದಳು. ಆಮೇಲೆ ನಿಧಾನಕ್ಕೆ ಕತ್ತು ಹೊರಳಿಸಿ ನನ್ನನ್ನು ನೋಡಿದಳು.

"ಹಿಂಗ" ಅಂದಳು.