ಹರಕೆ ತೀರಿದ ಮೇಲೂ ಧರ್ಮಸ್ಥಳಕ್ಕೆ ಏಕೆ ನಡೆಯುತ್ತೀರಿ?

ಹಾಸನದಲ್ಲಿ ಬೆಳಗಿನ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಧರ್ಮಸ್ಥಳದ ಅನ್ನಪೂರ್ಣ ಛತ್ರದ ಪಂಕ್ತಿಯಲ್ಲಿ ಕೂರಬಹುದು. ಅಷ್ಟು ಹತ್ತಿರದ ಕ್ಷೇತ್ರಕ್ಕೆ ಮಹಾಶಿವರಾತ್ರಿಯ ಮುಂಚೆ ಐದಾರು ದಿನ ರಜೆ ಹಾಕಿ, ಮನೆಯವರನ್ನೂ ಸ್ನೇಹಿತರನ್ನೂ ಕಟ್ಟಿಕೊಂಡು ನಾನು ನಡೆದು ಹೋಗುವುದನ್ನು ಕಂಡವರೆಲ್ಲ ಕೇಳುವ ಮಾತು ಒಂದೇ: “ಹರಕೆ ಒಂದು ಸಲ ತೀರಿಸಿ ಆಯಿತಲ್ಲ, ಮತ್ತೆ ಮತ್ತೆ ಯಾಕೆ?” ಕಚೇರಿಯಲ್ಲಿ ಕೇಳಿದ್ದಾರೆ, ಮದುವೆ ಮನೆಗಳಲ್ಲಿ ಕೇಳಿದ್ದಾರೆ, ಕಳೆದ ವರ್ಷ ನನ್ನ ಮಂಡಿ ನೋಡಿದ ವೈದ್ಯರೂ ಕೇಳಿದರು. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿ ಇಲ್ಲದ ಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಹರಕೆ ಹೊತ್ತವರು ನನ್ನ ಅಮ್ಮ. ಅಪ್ಪನಿಗೆ ಹೃದಯದ ಶಸ್ತ್ರಚಿಕಿತ್ಸೆ ನಡೆದ ದಿನ, ಇವರು ಎದ್ದು ಕೂತರೆ ಮಗನನ್ನು ನಿನ್ನ ಸನ್ನಿಧಿಗೆ ನಡೆಸಿ ಕಳುಹಿಸುತ್ತೇನೆ ಎಂದು ಮಂಜುನಾಥಸ್ವಾಮಿಗೆ ಕೈ ಮುಗಿದಿದ್ದರಂತೆ. ಅಪ್ಪ ಚೇತರಿಸಿಕೊಂಡರು. 2014ರ ಶಿವರಾತ್ರಿಗೆ ನಮ್ಮ ಬೀದಿಯ ಹುಡುಗರ ತಂಡದೊಂದಿಗೆ ನಾನು ಹೊರಟೆ. ಹಾಸನದಿಂದ ಹಗರೆ, ಬೇಲೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಮುಂಡಾಜೆ, ಉಜಿರೆಯ ಮೇಲೆ ಧರ್ಮಸ್ಥಳ. ಒಟ್ಟು ಸುಮಾರು 135 ಕಿಲೋಮೀಟರು. ಬೆಂಗಳೂರಿನಿಂದ ಬರುವವರು ಇದರ ಎರಡರಷ್ಟಕ್ಕಿಂತ ಹೆಚ್ಚು ನಡೆದಿರುತ್ತಾರೆ. ಆ ಸಲ ನಮ್ಮ ತಂಡ ಮೂರೂವರೆ ದಿನದಲ್ಲಿ ಮುಟ್ಟಿತು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮುಂದೆಯೇ ಹಾದುಹೋದರೂ ಗೋಪುರಕ್ಕೆ ಕೈ ಮುಗಿದು ನಿಲ್ಲುವಷ್ಟು ವ್ಯವಧಾನ ನನಗಿರಲಿಲ್ಲ. ಎಷ್ಟು ಬೇಗ ಮುಟ್ಟಿದರೆ ಅಷ್ಟು ಬೇಗ ಅಮ್ಮನ ಮಾತು ಉಳಿಯುತ್ತದೆ ಎನ್ನುವುದೊಂದೇ ತಲೆಯಲ್ಲಿತ್ತು.

ಬಣಕಲ್‌ಗೆ ಬರುವ ಹೊತ್ತಿಗೆ ನನ್ನ ಬಲಗಾಲಿನ ಹಿಮ್ಮಡಿಯಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಬೊಬ್ಬೆ ಎದ್ದಿತ್ತು. ಹೊಸ ಶೂ ಹಾಕಿಕೊಂಡು ಹೊರಟದ್ದರ ಫಲ ಅದು. ತಂಡ ಮುಂದೆ ಹೋಯಿತು. ರಸ್ತೆ ಬದಿಯ ಮನೆಯೊಂದರ ಜಗಲಿಯಲ್ಲಿ ಕೂತಿದ್ದ ಅಜ್ಜಿ ನಾನು ಕುಂಟುವುದನ್ನು ನೋಡಿ ಕರೆದರು. “ಬಾರಪ್ಪಾ, ಮೊದ್ಲು ಕಾಲಿಗೆ ನೀರು ಹಾಕ್ಕ” ಎಂದು ಹಂಡೆಯಿಂದ ಬಿಸಿನೀರು ತೋಡಿ ಕೊಟ್ಟರು. ಸೂಜಿಯನ್ನು ದೀಪದ ಉರಿಗೆ ಹಿಡಿದು, ಆರಿಸಿ, ಬೊಬ್ಬೆಯ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರನ್ನು ಮೆಲ್ಲಗೆ ಒತ್ತಿ ತೆಗೆದರು. “ಚರ್ಮ ಕೀಳಬ್ಯಾಡ ಮತ್ತೆ, ಅದೇ ಔಸ್ತಿ” ಎಂದವರು ಶುದ್ಧವಾದ ಬಟ್ಟೆ ಕಟ್ಟಿ, ಒಂದು ಲೋಟ ಬೆಲ್ಲದ ಕಾಫಿ ಕುಡಿಸಿದರು. ನಾನು ಹೊರಡುವಾಗ ಒಳಗೆ ಹೋಗಿ, ಸೆರಗಿನ ತುದಿಯಷ್ಟು ಹಳದಿ ಬಟ್ಟೆಯಲ್ಲಿ ಹನ್ನೊಂದು ರೂಪಾಯಿಯ ಮುಡಿಪು ಕಟ್ಟಿ ತಂದು ನನ್ನ ಕೈಗಿತ್ತರು. “ನಂಗೆ ನಡಿಯಕ್ಕಾಗಲ್ಲ. ಸ್ವಾಮಿಗೆ ನಂದೂ ಒಂದು ಕೈ ಮುಗಿದು, ಬರ್ತಾ ಪ್ರಸಾದ ತಂದ್ಕೊಡು.”

ಮುಡಿಪನ್ನು ಮುಟ್ಟಿಸಿದೆ. ಪ್ರಸಾದವನ್ನೂ ತೆಗೆದುಕೊಂಡೆ. ಆದರೆ ವಾಪಸು ಬರುವ ಬಸ್ಸಿನಲ್ಲಿ ಕೂತದ್ದೇ ನಿದ್ದೆ ಹತ್ತಿ, ಎಚ್ಚರವಾದಾಗ ಬಸ್ಸು ಬೇಲೂರು ಬಿಟ್ಟಿತ್ತು. ಅಜ್ಜಿಯ ಪ್ರಸಾದದ ಪೊಟ್ಟಣ ನನ್ನ ಚೀಲದಲ್ಲೇ ಉಳಿಯಿತು. ಅಮ್ಮನಿಗೆ ಹೇಳಿದಾಗ ಅವರು ಬೈಯಲಿಲ್ಲ. ಪೊಟ್ಟಣವನ್ನು ತೆಗೆದು ದೇವರ ಗೂಡಿನಲ್ಲಿ ಇಟ್ಟು, “ನನ್ನ ಹರಕೆ ತೀರಿತು, ಇದು ನಿನ್ನದು” ಎಂದರು.

ಮತ್ತೆ ಏಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಹರಕೆಯನ್ನು ಒಮ್ಮೆ ನಡೆದು ತೀರಿಸಿದೆ, ಆದರೆ ಹಾಗೆ ನಡೆಯುವಾಗಲೇ ದಾರಿಯವರ ಋಣಕ್ಕೆ ಬಿದ್ದೆ. ಮಾರನೆಯ ವಾರ ಸ್ಕೂಟರಿನಲ್ಲಿ ಹೋಗಿ ಪ್ರಸಾದ ಕೊಟ್ಟು ಬರಬಹುದಿತ್ತು ಎಂದು ನೀವು ಹೇಳಬಹುದು. ಹೇಗೋ ಮನಸ್ಸು ಒಪ್ಪಲಿಲ್ಲ. 2015ರಲ್ಲಿ ಅಕ್ಕನೊಂದಿಗೆ ಮತ್ತೆ ನಡೆದೆ; ಹೋಗುವಾಗ ಹಳೆಯ ಪ್ರಸಾದ ಕೊಟ್ಟು ತಪ್ಪಾಯಿತು ಎಂದೆ, ಬರುವಾಗ ಬಸ್ಸು ಇಳಿದು ಹೊಸ ಪ್ರಸಾದ ಕೊಟ್ಟೆ. ಅಜ್ಜಿ ತಡವಾಯಿತೆಂದು ಒಂದು ಮಾತೂ ಆಡಲಿಲ್ಲ. ಅಕ್ಕನ ಕಾಲು ನೋಡಿ, “ಈವಮ್ಮನ ಚಪ್ಲಿನೇ ಸರಿ, ನೋಡು” ಎಂದರು.

ಇಲ್ಲಿಯವರೆಗೆ ಆರು ಬಾರಿ ನಡೆದಿದ್ದೇನೆ. ಎರಡನೆಯ ಸಲದಿಂದ ಮನೆಯವರು ಜೊತೆಗಿದ್ದಾರೆ, ನಾಲ್ಕನೆಯ ಸಲದಿಂದ ಇಬ್ಬರು ಬಾಲ್ಯದ ಗೆಳೆಯರೂ ಅವರ ಮನೆಯವರೂ ಸೇರಿಕೊಂಡಿದ್ದಾರೆ. ಪಂಢರಾಪುರಕ್ಕೆ ಆಳಂದಿಯಿಂದಲೂ ದೇಹುವಿನಿಂದಲೂ ಆಷಾಢ ಏಕಾದಶಿಗೆ ನಡೆಯುವ ವಾರಕರಿಗಳ ನಡುವೆ ಯಾರೂ ಇಂಥ ಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ತಪ್ಪದೆ ಮರಳಿ ಹೋಗುವುದಕ್ಕೇ ಅವರಲ್ಲಿ ವಾರಿ ಎಂಬ ಹೆಸರು. ನಮ್ಮ ಕಡೆ ಅದಕ್ಕೊಂದು ಹೆಸರಿಲ್ಲದಿದ್ದರೂ ವರ್ಷ ವರ್ಷವೂ ಬರುವ ಹಳೆಯ ಮುಖಗಳಿಗೆ ಕೊರತೆಯಿಲ್ಲ.

ಮನೆಯವರೊಂದಿಗೆ ನಡೆಯುವ ಕ್ರಮವೇ ಬೇರೆ. ಐದು ರಾತ್ರಿ ಹಿಡಿಯುತ್ತದೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದೆ, ಉಳಿದವರು ಅವರ ಹಿಂದೆ ಎಂಬುದು ನಮ್ಮ ತಂಡದ ಒಂದೇ ನಿಯಮ. ಬೆಳಗಿನ ಜಾವ ಮೂರಕ್ಕೆ ಹೊರಟು ಹತ್ತು ಗಂಟೆಗೆ ನೆರಳು ಸೇರುತ್ತೇವೆ. ಮತ್ತೆ ಸಂಜೆ ನಾಲ್ಕರ ಮೇಲೆ ಹೆಜ್ಜೆ. ಎದುರಿಗೆ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿ ಹಿಡಿದು, ಚೀಲಗಳಿಗೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ, ಒಬ್ಬರ ಹಿಂದೆ ಒಬ್ಬರು ನಡೆಯುತ್ತೇವೆ. ಕತ್ತಲಲ್ಲಿ ಮುಖ ಕಾಣದಿರುವುದಕ್ಕೋ ಏನೋ, ಮನೆಯಲ್ಲಿ ವರ್ಷಗಟ್ಟಲೆ ಆಡದ ಮಾತುಗಳು ಆ ಹೊತ್ತಿನಲ್ಲಿ ಬರುತ್ತವೆ. ಅಪ್ಪನ ಆಸ್ಪತ್ರೆಯ ಖರ್ಚಿಗೆ ಭಾವ ತಮ್ಮ ಬೈಕು ಮಾರಿದ್ದರು ಎಂಬುದು ನನಗೆ ತಿಳಿದದ್ದು ಹಗರೆ ದಾಟಿದ ಮೇಲೆ, ಅಕ್ಕನ ಬಾಯಿಂದ, ಅದೂ ಬೇರೆ ಯಾವುದೋ ಮಾತಿನ ನಡುವೆ.

ಶಿವರಾತ್ರಿಯ ಹೊತ್ತಿಗೆ ಹೂಮಳೆ ಬಿದ್ದಿದ್ದರೆ, ಅಥವಾ ತೋಟದವರು ಸ್ಪ್ರಿಂಕ್ಲರ್ ಹಾಕಿ ಎಂಟು ಹತ್ತು ದಿನ ಕಳೆದಿದ್ದರೆ, ಮೂಡಿಗೆರೆಯ ಆಚೀಚೆ ಕಾಫಿ ಗಿಡಗಳು ಬೆಳ್ಳಗೆ ಅರಳಿ ನಿಂತು, ಕತ್ತಲಲ್ಲಿ ಕಣ್ಣಿಗೆ ಕಾಣುವ ಮೊದಲೇ ಅವುಗಳ ವಾಸನೆ ಮೂಗಿಗೆ ಬರುತ್ತದೆ. ಬಸ್ಸಿನಲ್ಲಿ ಈ ದಾರಿಯಲ್ಲಿ ನೂರು ಸಲ ಓಡಾಡಿದ ನನಗೆ ಅದು ತಿಳಿದೇ ಇರಲಿಲ್ಲ.

ಬರಿಗಾಲಿನಲ್ಲಿ ನಡೆಯುವವರಿಂದ ಕಲಿತದ್ದೊಂದನ್ನು ಹೇಳಬೇಕು. ಬಿಸಿಲೇರಿದ ಮೇಲೆ ಡಾಂಬರು ಕಾದು ಹೆಂಚಾಗುತ್ತದೆ. ಆಗ ಅವರು ರಸ್ತೆಯಂಚಿನ ಬಿಳಿಯ ಪಟ್ಟೆಯ ಮೇಲೆ, ತಂತಿಯ ಮೇಲೆ ನಡೆದಂತೆ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಡೆಯುತ್ತಾರೆ. ಬಿಳಿ ಬಣ್ಣ ಅಷ್ಟು ಕಾಯುವುದಿಲ್ಲ. 2024ರಲ್ಲಿ ಮೊದಲ ಬಾರಿಗೆ ಜೊತೆಗೆ ಬಂದ, ಆಗ ಎಂಟನೆಯ ತರಗತಿಯಲ್ಲಿದ್ದ ನನ್ನ ಮಗಳು ಅದನ್ನು ಗಮನಿಸಿ, ಚಪ್ಪಲಿ ಕಳಚಿ, ಡಾಂಬರಿನ ಮೇಲೊಂದು ಕ್ಷಣ, ಪಟ್ಟೆಯ ಮೇಲೊಂದು ಕ್ಷಣ ಅಂಗಾಲು ಇಟ್ಟು ನೋಡಿದಳು. ಆಮೇಲೆ ಅರ್ಧ ಗಂಟೆ ಅವಳು ಮಾತಾಡಲಿಲ್ಲ. ಎದುರಿಗೆ ಬರಿಗಾಲಿನವರು ಯಾರೇ ಕಂಡರೂ ಪಟ್ಟೆ ಬಿಟ್ಟು ಮಣ್ಣಿಗೆ ಇಳಿದು ದಾರಿ ಕೊಟ್ಟಳು.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿಗೆ ಇಳಿಯುವುದು ವಾಡಿಕೆ. ಇಳಿಜಾರು ಸುಲಭ ಎಂದು ಹೊಸಬರು ತಿಳಿಯುತ್ತಾರೆ. ನಿಜವಾಗಿ ಮಂಡಿಯೂ ಕಾಲ್ಬೆರಳ ಉಗುರೂ ನೋಯುವುದು ಅಲ್ಲಿಯೇ. 2019ರ ಆಗಸ್ಟ್ ಮಳೆಗೆ ಈ ಘಾಟಿ ಹಲವು ಕಡೆ ಕುಸಿದು ಸಂಚಾರ ನಿಂತುಹೋಗಿದ್ದನ್ನು ಹಾಸನ, ಚಿಕ್ಕಮಗಳೂರಿನವರು ಮರೆತಿರಲಾರರು. ಆ ಬೆಟ್ಟಕ್ಕೆ ನಾವು ಇನ್ನಷ್ಟು ಭಾರ ಹೊರಿಸಬಾರದು. ಯಾತ್ರೆಯ ಮಾರನೆಯ ದಿನ ತಿರುವು ತಿರುವಿನಲ್ಲೂ ಬಿದ್ದಿರುವ ನೀರಿನ ಬಾಟಲಿ, ಕಾಗದದ ತಟ್ಟೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದಾಗ ನನ್ನ ಕಣ್ಣು ತುಂಬಿ ಬರುತ್ತದೆ. ಸ್ವಾಮಿಯ ಹೆಸರು ಹೇಳಿಕೊಂಡು ಹೋದವರೇ ಅಲ್ಲವೇ ಅದನ್ನೆಲ್ಲ ಬಿಟ್ಟುಹೋದದ್ದು! ನಮ್ಮ ತಂಡದಲ್ಲಿ ಪ್ರತಿಯೊಬ್ಬರ ಚೀಲದಲ್ಲೂ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಇರುತ್ತವೆ. ಮಜ್ಜಿಗೆಯಾಗಲಿ, ಚಿತ್ರಾನ್ನವಾಗಲಿ, ದಾರಿಯಲ್ಲಿ ಹಂಚುವವರ ಮುಂದೆ ಅದನ್ನೇ ಹಿಡಿಯುತ್ತೇವೆ. ಮೂರು ನೂರು ಗ್ರಾಂ ಹೆಚ್ಚು ಹೊರುವುದು ಯಾರಿಗೂ ಕಷ್ಟವಲ್ಲ. ಪಾದಯಾತ್ರೆಗೆ ಹೊರಡುವವರಲ್ಲಿ ನಾನು ಕೈ ಮುಗಿದು ಕೇಳಿಕೊಳ್ಳುವುದು ಇದೊಂದನ್ನೇ.

ನೇತ್ರಾವತಿಯಲ್ಲಿ ಮಿಂದು, ಸಾಲಿನಲ್ಲಿ ನಿಂತು, ದರ್ಶನ ಮಾಡಿ, ರಾತ್ರಿಯಿಡೀ ಓಂ ನಮಃ ಶಿವಾಯ ಕೇಳುತ್ತ ಜಾಗರಣೆ ಕೂರುವ ಸುಖವನ್ನು ಬಸ್ಸಿನಲ್ಲಿ ಬಂದವರೂ ಬಲ್ಲರು. ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ.

ಬಣಕಲ್‌ನ ಅಜ್ಜಿ 2021ರಲ್ಲಿ ತೀರಿಕೊಂಡರು. ನಮಗೆ ತಿಳಿದದ್ದು ತಡವಾಗಿ. ಇನ್ನು ಆ ಜಗಲಿಯಲ್ಲಿ ಕೂರುವ ಹಕ್ಕು ನಮಗಿದೆಯೋ ಇಲ್ಲವೋ ಎಂಬ ಅಳುಕಿನಲ್ಲೇ 2023ರಲ್ಲಿ ಆ ಮನೆಯ ಮುಂದೆ ಬಂದರೆ ಹಂಡೆಯಲ್ಲಿ ನೀರು ಕಾದಿತ್ತು; ಸೊಸೆ ತಂಬಿಗೆ ಹಿಡಿದು ನಿಂತಿದ್ದರು. ಮರುವರ್ಷ ಅದೇ ಜಗಲಿಯಲ್ಲಿ ನನ್ನ ಮಗಳು ಮಂಡ್ಯ ಕಡೆಯ ಯಾರೋ ಹಿರಿಯರ ಕಾಲಿಗೆ ನೀರು ಹಾಕಿ, ಸೂಜಿಯನ್ನು ದೀಪಕ್ಕೆ ಹಿಡಿಯುವುದು ಹೇಗೆಂದು ಆ ಸೊಸೆಯ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಹೊರಡುವಾಗ ಹಳದಿ ಬಟ್ಟೆಯ ಮುಡಿಪು ಈ ಸಲ ಅವಳ ಕೈಗೆ ಬಂತು. ವಾಪಸು ಬರುವಾಗ ಬಸ್ಸಿನಲ್ಲಿ ನಾವೆಲ್ಲ ತೂಕಡಿಸುತ್ತಿದ್ದರೂ ಅವಳು ಮಾತ್ರ ಪ್ರಸಾದದ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು, ಬಣಕಲ್ ಬರುವ ತನಕ ಕಿಟಕಿಯ ಕಂಬಿ ಹಿಡಿದು ಎಚ್ಚರವಾಗಿದ್ದಳು.

ಮೊನ್ನೆ ಆ ಮನೆಯಿಂದ ಫೋನ್ ಬಂತು. ಅವರು ಕೇಳಿದ್ದು, “ಈ ಸಲ ಎಷ್ಟು ಜನ ಬರ್ತೀರಣ್ಣ?” ಎಂದು ಮಾತ್ರ. ಹನ್ನೊಂದು ಜನ, ಅದರಲ್ಲಿ ಇಬ್ಬರು ಹೊಸಬರು ಎಂದು ಹೇಳಿದ್ದೇನೆ.